ಪದಬಂಧಕ್ಕೆ ಮೊದಲಕ್ಷರದ ಪದಗಳನ್ನು ನಾನು ಹುಡುಕುವ ಬಗೆ

ವಿಜಯಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಮಕ್ಕಳಿಗಾಗಿ ಪದಬಂಧಗಳನ್ನು ಸ್ವತಃ ರಚಿಸುತ್ತೇನೆ. ಚೌಕದಲ್ಲಿ ಎಡದಿಂದ ಬಲಕ್ಕೆ ಸಾಗುವ ಪದಗಳು ಕುಳಿತ ಮೇಲೆ, ಮೇಲಿನಿಂದ ಕೆಳಕ್ಕಿಳಿಯುವ ಪದ ಇಂಥದೇ ಅಕ್ಷರದಿಂದ ಆರಂಭವಾಗಬೇಕು, ಇಷ್ಟೇ ಮನೆಗಳಲ್ಲಿ ಮುಗಿಯಬೇಕು ಎಂಬ ಕಟ್ಟಳೆ ಎದುರಾದಾಗ ನಿಜವಾದ ಹುಡುಕಾಟ ಶುರುವಾಗುತ್ತದೆ. ಅಲ್ಲಿ ನನಗೆ ನೆನಪಿನ ಶಕ್ತಿಗಿಂತ ಹೆಚ್ಚು ನೆರವಾದದ್ದು, ಯಾವ ಅಕ್ಷರಕ್ಕೆ ಯಾವ ಮೂಲದಿಂದ ಪದಗಳು ಒದಗಿವೆ ಎಂಬ ತಿಳಿವಳಿಕೆ.

ವರ್ಣಮಾಲೆಯ 49 ಅಕ್ಷರಗಳಲ್ಲಿ ಎಲ್ಲವೂ ಪದದ ಆರಂಭಕ್ಕೆ ಬರುವುದಿಲ್ಲ. ಙ, ಞ, ಣ, ಳ ಇವುಗಳಿಂದ ಶುರುವಾಗುವ ದಿನಬಳಕೆಯ ಪದಗಳೇ ಇಲ್ಲ. ಆದ್ದರಿಂದ ಅಡ್ಡ ಸಾಲಿನಲ್ಲಿ ‘ಇಳಕಲ್ಲ’ ಎಂದು ಬರೆದೆನೆಂದರೆ ಅದರ ಎರಡನೆಯ ಮನೆಯಿಂದ ಕೆಳಕ್ಕೆ ಯಾವ ಪದವನ್ನೂ ಇಳಿಸಲಾಗದು. ಆ ‘ಳ’ವನ್ನು ಪದದ ನಡುವೆಯೋ, ‘ಹವಳ’ದಲ್ಲಿರುವಂತೆ ಕೊನೆಯಲ್ಲೋ ಬಳಸಬೇಕು. ಊರಿನ ಹೆಸರನ್ನು ‘ಇಳಕಲ್’ ಎನ್ನದೆ ನಮ್ಮ ಭಾಗದವರು ಹೇಳುವಂತೆ ‘ಇಳಕಲ್ಲ’ ಎಂದೇ ಬರೆಯುವುದಕ್ಕೂ ಕಾರಣವಿದೆ. ಕೊನೆಯ ಮನೆಯಲ್ಲಿ ‘ಲ್’ ಒಂದೇ ಉಳಿದರೆ ಅದಕ್ಕೆ ಇನ್ನೊಂದು ಪದವನ್ನು ಹೆಣೆಯುವುದು ಬಹಳ ಕಷ್ಟ.

ರ, ಲ ಅಕ್ಷರಗಳಿಂದ ಆರಂಭವಾಗುವ ಅಚ್ಚಗನ್ನಡ ಪದಗಳು ತೀರ ವಿರಳ. ಅವು ಬಂದಾಗ ನಾನು ಸಂಸ್ಕೃತದ ಕಡೆಗೆ ಹೊರಳಿ ರಥ, ರಜತ, ಲತೆ, ಲವಣ ಎಂದು ಹುಡುಕುತ್ತೇನೆ. ಇಲ್ಲವೇ ರಬಕವಿ, ರಾಯಬಾಗ, ರಾಮದುರ್ಗ, ಲೋಕಾಪುರ ಎಂದು ನಮ್ಮ ಸುತ್ತಲಿನ ಊರುಗಳನ್ನು ನೆನೆಯುತ್ತೇನೆ. ‘ಯ’ ವಿಷಯದಲ್ಲಿ ನಮ್ಮ ಭಾಗಕ್ಕೊಂದು ಅನುಕೂಲವಿದೆ. ಬೇರೆ ಕಡೆ ‘ಎ’ಕಾರದಿಂದ ಬರೆಯುವ ಹೆಸರುಗಳನ್ನು ನಾವು ಯಲ್ಲಮ್ಮ, ಯರಗಟ್ಟಿ ಎಂದು ಬರೆಯುವುದರಿಂದ ‘ಯ’ಕ್ಕೆ ಊರು, ದೇವರು ಎರಡೂ ಸುಲಭವಾಗಿ ಸಿಗುತ್ತವೆ.

‘ಪ’ ಮತ್ತು ‘ಹ’ಗಳ ಸಂಗತಿಯನ್ನು ನಾನು ಮಕ್ಕಳಿಗೆ ವಿಶೇಷವಾಗಿ ವಿವರಿಸುತ್ತೇನೆ. ಹಳಗನ್ನಡದ ಪಾಲ್, ಪುಲಿ, ಪತ್ತು, ಪಳ್ಳಿ ಮುಂದೆ ಹಾಲು, ಹುಲಿ, ಹತ್ತು, ಹಳ್ಳಿ ಆದವು. ಹೀಗಾಗಿ ‘ಹ’ ಬೇಕಾದಾಗ ಮನೆಯ, ಹೊಲದ, ಅಡುಗೆಯ ಪದಗಳನ್ನು ನೆನೆದರೆ ಹಗ್ಗ, ಹಸಿವೆ, ಹಿಟ್ಟು, ಹುರುಳಿ, ಹೊಲ ಎಂದು ಸಾಲುಗಟ್ಟಿ ಬರುತ್ತವೆ. ‘ಪ’ ಬೇಕಾದಾಗ ಸಂಸ್ಕೃತದ ಉಪಸರ್ಗಗಳನ್ನು ಹಿಡಿಯಬೇಕು. ಸಂಪ್ರದಾಯದಂತೆ ಎಣಿಸುವ 22 ಉಪಸರ್ಗಗಳಲ್ಲಿ ಪ್ರ, ಪರಾ, ಪ್ರತಿ, ಪರಿ ಎಂಬ ನಾಲ್ಕು ಈ ಅಕ್ಷರದವೇ ಆಗಿದ್ದು, ಪರಿಸರ, ಪರಿಮಳ, ಪರಿಚಯ, ಪರಾಭವ ಮುಂತಾದವು ಅವುಗಳಿಂದ ದೊರೆಯುತ್ತವೆ.

ಮಹಾಪ್ರಾಣಗಳು ಎದುರಾದಾಗ ಬಹಳ ಜನ ಕೈಚೆಲ್ಲುತ್ತಾರೆ. ಆದರೆ 1490ರಿಂದ 1686ರವರೆಗೆ ಆದಿಲ್‌ಶಾಹಿ ಅರಸರ ಆಳ್ವಿಕೆಯಲ್ಲಿದ್ದ, ಮರಾಠಿಯ ನೆರೆಯಲ್ಲೇ ಬೆಳೆದ ಈ ಸೀಮೆಯವರಿಗೆ ಅವು ಕಷ್ಟವಾಗಬೇಕಿಲ್ಲ. ಆಡಳಿತ, ಲೆಕ್ಕಪತ್ರ, ವ್ಯಾಪಾರಗಳ ಮಾತಿನಲ್ಲಿ ಖಜಾನೆ, ಖರೀದಿ, ಖಾತೆ, ಫಸಲು, ಫರ್ಮಾನು, ಠಾಣೆ, ಠರಾವು, ಠೇವಣಿ ಎಲ್ಲವೂ ಇವೆ. ಗುಳೇದಗುಡ್ಡದ ಖಣ, ಬೆಳಗಾವಿ ಜಿಲ್ಲೆಯ ಖಾನಾಪುರ, ಘಟಪ್ರಭಾ ನದಿ, ಢವಳೇಶ್ವರ ಎಂಬ ಊರು ಇವನ್ನೂ ನಾನು ಆಗಾಗ ಬಳಸುತ್ತೇನೆ. ‘ಐ’ ಬಂದರಂತೂ ನಮ್ಮ ಐಹೊಳೆ ಇದ್ದೇ ಇದೆ.

ಮೂಲ ತಿಳಿದ ಮೇಲೆ ಕ್ರಮವಾಗಿ ಸಾಗುವುದು ಮುಖ್ಯ. ‘ಹೆಸರು, ಊರು, ಪ್ರಾಣಿ, ವಸ್ತು’ ಆಟದಲ್ಲಿ ‘ಗ’ ಎಂದರೆ ಇಡೀ ಕಾಗುಣಿತಕ್ಕೆ ಅವಕಾಶವಿರುವುದರಿಂದ ಗಾಳಿ, ಗಿಳಿ, ಗೀತೆ, ಗುಡಿ, ಗೂಡು, ಗೆಜ್ಜೆ, ಗೇಣು, ಗೊನೆ, ಗೋಡೆ ಎಂದು ಬಾಯಿಬಿಟ್ಟು ಹೇಳುತ್ತಾ ಹೋಗಬಹುದು. ಪದಬಂಧದಲ್ಲಿ ‘ಗ’ ಎಂದರೆ ‘ಗ’ ಮಾತ್ರ. ಆಗ ಎರಡನೆಯ ಅಕ್ಷರವನ್ನು ವರ್ಣಮಾಲೆಯ ಕ್ರಮದಲ್ಲಿ ಬದಲಿಸಬೇಕು: ಗಗನ, ಗಜ, ಗಟ್ಟಿ, ಗಡಿ, ಗಣಿ, ಗತಿ, ಗದ್ದೆ, ಗಮನ, ಗರಿ, ಗಲ್ಲ, ಗವಿ, ಗಸಗಸೆ, ಗಹನ, ಗಳಿಗೆ. ಮನಸ್ಸಿನಲ್ಲೇ ಹೇಳಿಕೊಂಡರೆ ನಡುವೆ ಅಕ್ಷರಗಳು ಜಾರಿಹೋಗುತ್ತವೆ. ಗಟ್ಟಿಯಾಗಿ ಹೇಳಿಕೊಂಡರೆ ಕಿವಿಯೇ ಮುಂದಿನ ಪದವನ್ನು ಹಿಡಿದು ಕೊಡುತ್ತದೆ.

ಅಷ್ಟಕ್ಕೂ ಸಿಗದಿದ್ದರೆ ನಿಘಂಟು ತೆರೆಯುತ್ತೇನೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ಅವರ ನಿಘಂಟು ಪದದ ಮೂಲ ಭಾಷೆಯನ್ನೂ ಸೂಚಿಸುವುದರಿಂದ ನನ್ನ ಕ್ರಮಕ್ಕೆ ಹೊಂದುತ್ತದೆ. ವರ್ಣಮಾಲೆಯ ಕೊನೆಯಲ್ಲಿ ‘ಕ್ಷ’, ‘ಜ್ಞ’ ಕಲಿತ ಮಕ್ಕಳು ಕ್ಷಮೆ, ಜ್ಞಾನಗಳನ್ನು ನಿಘಂಟಿನ ಕಡೆಯ ಪುಟಗಳಲ್ಲಿ ಹುಡುಕುತ್ತಾರೆ. ಅವು ‘ಕ’ ಮತ್ತು ‘ಜ’ಗಳ ಕೆಳಗೆ, ಕಾಗುಣಿತ ಮುಗಿದ ನಂತರ ಒತ್ತಕ್ಷರಗಳೊಡನೆ ಬರುತ್ತವೆ ಎಂದು ಮೊದಲೇ ತಿಳಿಸಬೇಕು.

ಸಂಗ್ರಹಿಸಿದ ಪದಗಳನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ಮೊದಲಕ್ಷರದಿಂದ ಬೇರ್ಪಡಿಸಲು ಅದು ಉಪಯುಕ್ತ, ಆದರೆ ಮನೆಗಳ ಎಣಿಕೆಗೆ ನಂಬುವಂತಿಲ್ಲ. ಯುನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತು ತರುವ ಚಿಹ್ನೆ ಎಲ್ಲಕ್ಕೂ ಪ್ರತ್ಯೇಕ ಸಂಕೇತಗಳಿರುವುದರಿಂದ ನಾಲ್ಕು ಮನೆಯ ‘ಘಟಪ್ರಭಾ’ವನ್ನು ಅದು ಏಳೆಂದು ಎಣಿಸುತ್ತದೆ. ಆದ್ದರಿಂದ ಪ್ರತಿ ಪದದ ಮುಂದೆ ಮನೆಗಳ ಸಂಖ್ಯೆಯನ್ನು ಕೈಯಿಂದಲೇ ಬರೆದು, ಮೊದಲು ಅಕ್ಷರದಿಂದಲೂ ಆಮೇಲೆ ಆ ಸಂಖ್ಯೆಯಿಂದಲೂ ಸೋಸುತ್ತೇನೆ. ಸಿಕ್ಕ ಪದ ಎಷ್ಟೇ ಚೆನ್ನಾಗಿ ಹೊಂದಿದರೂ, ಏಳನೆಯ ತರಗತಿಯ ಮಗುವಿಗೆ ಒಂದೇ ವಾಕ್ಯದಲ್ಲಿ ಸುಳಿವು ಕೊಡಲಾಗದಿದ್ದರೆ ಅದನ್ನು ಬಿಟ್ಟು, ಅಡ್ಡ ಸಾಲಿನ ಪದವನ್ನೇ ಬದಲಿಸುತ್ತೇನೆ.