ಎರಡು ರಾತ್ರಿ ರೈಲಿಗೆ ಬುತ್ತಿ ಕಟ್ಟೋದು ಹೇಗೆ: ಫ್ರಿಜ್ಜೂ ಇಲ್ಲ, ಒಲೆನೂ ಇಲ್ಲ

ಬೆಂಗಳೂರಿಂದ ಕಾಶಿ ಕಡೆಗೆ ಸಂಘಮಿತ್ರದಲ್ಲಿ ಹೊರಟ್ರೆ ವಿಜಯವಾಡ, ನಾಗಪುರ, ಇಟಾರ್ಸಿ ಅಂತ ಸುತ್ತಿ ಎರಡು ರಾತ್ರಿ ರೈಲಲ್ಲೇ. ನಾವು ಮೊದಲ್ನೇ ಸಲ ಹೋಗಿದ್ದು ಮೇ ತಿಂಗಳಲ್ಲಿ, ಬೆಳಗ್ಗೆ ಕಲಸಿದ ಪುಳಿಯೋಗರೆನ ಬಿಸಿಬಿಸಿಯಾಗೇ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಬಿಗಿದ್ವಿ, ಮಾರನೇ ದಿನ ನಾಗಪುರದ ಹತ್ರ ತೆಗೆದ್ರೆ ಅನ್ನ ಲೋಳೆ ಲೋಳೆ. ಹುಳಿ ಇದೆಯಲ್ಲ ಕೆಡಲ್ಲ ಅನ್ಕೊಂಡಿದ್ವಿ, ಆದ್ರೆ ಬಿಸಿ ಅನ್ನದ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಅನ್ನದ ಮೇಲೇ ಬಿದ್ದಿತ್ತು.

ಅವತ್ತಿಂದ ನಮ್ಮನೆ ರೂಲು ಒಂದೇ, ನೀರಿರೋದು ಮೊದಲ್ನೇ ದಿನವೇ ಖಾಲಿ ಆಗ್ಬೇಕು, ಆಮೇಲಿನದ್ದೆಲ್ಲ ಒಣಗಿದ್ದೇ ಇರ್ಬೇಕು.

ಮೊದಲ್ನೇ ಮಧ್ಯಾಹ್ನಕ್ಕೆ ಮೊಸರನ್ನ. ಅನ್ನ ಮೆತ್ತಗೆ ಮಾಡಿ ಕಿವುಚಿ, ಕಾಸಿದ ಹಾಲು ಉಗುರುಬೆಚ್ಚಗಾದ್ಮೇಲೆ ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಬೆರೆಸಿ. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪಾಗಿರುತ್ತೆ, ಹುಳಿನೂ ಬಂದಿರಲ್ಲ. ಈರುಳ್ಳಿ, ಸೌತೆಕಾಯಿ ಹಾಕ್ಬೇಡಿ, ಉಪ್ಪು ತಿನ್ನೋವಾಗ ಹಾಕ್ಕೊಳ್ಳಿ. ಸಂಜೆಗೆ ಉಳಿದ್ರೆ ಇಟ್ಕೊಳ್ಬೇಡಿ. ರಾತ್ರಿಗೆ ಚಪಾತಿ, ಬಟ್ಟೆ ಮೇಲೆ ಒಂದೊಂದಾಗಿ ಹರಡಿ ಪೂರ್ತಿ ಆರಿಸಿ ಆಮೇಲೆ ಸುತ್ತಿ. ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಬೇಡವೇ ಬೇಡ.

ಎರಡನೇ ದಿನಕ್ಕೆ ನಿಜವಾದ ಆಪದ್ಬಾಂಧವ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿನ ಮಿಕ್ಸಿಲಿ ತರಿತರಿಯಾಗಿ ಮಾಡಿ, ಕಡ್ಲೆಕಾಯಿ ಬೀಜ, ಕಡ್ಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು ಗರಿಗರಿಯಾಗಿ ಹುರಿದು ಬೆರೆಸಿ ಡಬ್ಬಿಗೆ ಹಾಕಿ. ಪುಳಿಯೋಗರೆ ಗೊಜ್ಜು ಬೇರೆ ಡಬ್ಬಿಲಿ, ಹುಣಸೆರಸ, ಬೆಲ್ಲ, ಉಪ್ಪು, ಪುಡಿ ಎಲ್ಲ ಎಣ್ಣೆ ಬಿಡೋವರೆಗೂ ಕುದಿಸಿ, ಆರಿಸಿ ತುಂಬಿ, ಒದ್ದೆ ಚಮಚ ಅದ್ದಬೇಡಿ. ರೈಲಲ್ಲಿ ಒಂದು ಲೋಟ ತರಿಗೆ ಎರಡು ಚಮಚ ಗೊಜ್ಜನ್ನ ಮುಕ್ಕಾಲು ಲೋಟ ಬಾಟಲಿ ನೀರಲ್ಲಿ ಕದಡಿ ಸುರಿದು ಹದಿನೈದು ನಿಮಿಷ ಮುಚ್ಚಿಡಿ. ಗಟ್ಟಿ ಅನ್ಸಿದ್ರೆ ನೀರು ಚಿಮುಕಿಸಿ. ಅಷ್ಟೇ, ಬೆಂಕಿನೇ ಬೇಡ. ರೈಲಿನ ಚಾರ್ಜಿಂಗ್ ಪಾಯಿಂಟಿಗೆ ಕೆಟಲ್ ಚುಚ್ಚೋರನ್ನ ನೋಡಿದ್ದೀನಿ, ಅದು ರೂಲ್ಸ್ ಪ್ರಕಾರ ತಪ್ಪು, ಅಪಾಯನೂ ಹೌದು.

ಉತ್ತರ ಕರ್ನಾಟಕದೋರಿಗೆ ನಾನು ಹೇಳ್ಕೊಡೋದೇನೂ ಇಲ್ಲ, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ರೆ ಮುಗೀತು, ಹುಷಾರಾಗಿ ಕಟ್ಟದಿದ್ರೆ ಪುಡಿಪುಡಿ ಆಗುತ್ತೆ ಅನ್ನೋದೊಂದೇ ಕಷ್ಟ.

ಇನ್ನೊಂದು ಮಾತು, ಅನ್ನದ ಮೇಲೆ ಸ್ವಲ್ಪ ಅನುಮಾನ ಬಂದ್ರೂ ಬಿಸಾಕಿ. ಮತ್ತೆ ಬಿಸಿ ಮಾಡಿದ್ರೂ ಅನ್ನದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಬಿಟ್ಟ ವಿಷ ಹೋಗಲ್ಲ, ವಾಸನೆ ಬರದಿದ್ರೂ ಇರಬಹುದು.

ವಾಪಸ್ ಬರೋಕೆ ಗೊಜ್ಜು ಮಾತ್ರ ಉಳಿಸ್ಕೊಳ್ಳಿ. ಕಾಶಿಲಿ ಅಂಗಡಿಗೆ ಹೋಗಿ ಚೂಡಾ ಅಂತ ಕೇಳಿದ್ರೆ ಅವಲಕ್ಕಿ ಕೊಡ್ತಾರೆ, ತೆಳ್ಳಗಿದ್ರೆ ಪುಡಿ ಮಾಡೋದೂ ಬೇಡ, ನೀರು ಅರ್ಧ ಮಾಡ್ಕೊಳ್ಳಿ.