ಅದೇ ಕುರಿಂಜಿ ಪೊದೆ ಮತ್ತೆ ಸಿಗುವ ಹಾಗೆ ಮಾಡಿದ್ದು

ಮುಳ್ಳಯ್ಯನಗಿರಿ ಕಡೆ ನಾವು ಕೆಲವರು ಸ್ವಯಂಸೇವಕರು ನೀಲಕುರಿಂಜಿ ಪೊದೆಗಳ ಲೆಕ್ಕ ಇಡುತ್ತೇವೆ. ಹೂ ಬಿಡುವುದು 12 ವರ್ಷಕ್ಕೊಮ್ಮೆ. ನಡುವೆ ಅದೇ ಪೊದೆಗಳನ್ನು ನೋಡುತ್ತಿದ್ದರೆ ತಾನೇ ಹೆಚ್ಚಿತೋ ಕಡಿಮೆಯಾಯಿತೋ ಗೊತ್ತಾಗುವುದು, ಅಲ್ವಾ?

ಆದರೆ ಗಿಡ, ಪ್ರಾಣಿಗಳ ಫೋಟೋವನ್ನು ಜಾಗದ ಸಮೇತ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಗುರುತಿಸಿದ್ದ ಜಾಗಕ್ಕೆ ಹೋದರೆ ಪೊದೆಯೇ ಸಿಗುತ್ತಿರಲಿಲ್ಲ. ಹಳೆಯ ದಾಖಲೆ ತೆರೆದಾಗ ಕಾರಣ ತಿಳಿಯಿತು. ಕೆಲವು ಫೋಟೋಗಳಲ್ಲಿ ಜಾಗದ ಸುತ್ತಲಿನ ವೃತ್ತ, ಅಂದರೆ ಗುರುತು ಎಷ್ಟು ಆಚೀಚೆ ಆಗಿರಬಹುದು ಅಂತ ತೋರಿಸುವುದು, ನೂರು ಮೀಟರ್ ದಾಟಿತ್ತು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕೇಬೇಕು ಅಂತಿಲ್ಲ. ಆದರೆ ಅದಿಲ್ಲದ ಕಡೆ ಉಪಗ್ರಹ ಹಿಡಿಯಲು ಫೋನಿಗೆ ಜಾಸ್ತಿ ಹೊತ್ತು ಬೇಕು. ಜೇಬಿನಿಂದ ತೆಗೆದ ಕೂಡಲೇ ಕ್ಲಿಕ್ಕಿಸಿದರೆ ಬರೀ ಅಂದಾಜು ಜಾಗ ದಾಖಲಾಗುತ್ತದೆ.

ಈಗ ವೃತ್ತ 5 ಮೀಟರ್ ಆಸುಪಾಸಿಗೆ ಇಳಿಯುವವರೆಗೆ ಸುಮ್ನೆ ನಿಲ್ಲುತ್ತೇವೆ. ಆಮೇಲೆ ಎರಡು ಫೋಟೋ. ಒಂದು ಹತ್ತಿರದ್ದು, ಎಲೆಯಂಚಿನ ಹಲ್ಲು ಮತ್ತು ಎದ್ದು ಕಾಣುವ ನರಗಳು ಸ್ಪಷ್ಟವಾಗಿರಬೇಕು. ಇನ್ನೊಂದು ದೂರದ್ದು, ಹಿಂದಿನ ಬಂಡೆಯೂ ಗುಡ್ಡದ ಅಂಚೂ ಸೇರಿರಬೇಕು. ನಿಜವಾಗಿ ಕೈ ಹಿಡಿದದ್ದು ಈ ಎರಡನೆಯದು. ಹೋದ ವರ್ಷದ ಫೋಟೋ ಫೋನಿನಲ್ಲೇ ಇರುತ್ತದೆ. ಅದೇ ಬಂಡೆ ಚಿತ್ರದ ಅದೇ ಮೂಲೆಗೆ ಬರುವವರೆಗೆ ಹೆಜ್ಜೆ ಸರಿಸುತ್ತೇವೆ. ಮಂಜು ಕವಿದಿದ್ದರೆ ಕಾಯಲೇಬೇಕು.

ಗೂಟ ನೆಟ್ಟಿಲ್ಲ, ಬಂಡೆಗೆ ಬಣ್ಣ ಬಳಿದಿಲ್ಲ. ಪೊದೆಗಳು ಸಿಗುತ್ತಿವೆ.