ಚಾರ್ಜ್‌ಶೀಟ್‌ಗೆ ಬಾರದ ಸುಲಿತದ ಪುಸ್ತಕ

ಶಿವಮೊಗ್ಗ ಕೋರ್ಟಿನಲ್ಲಿ ನಾನು ನಡೆಸೋದು ಕ್ರಿಮಿನಲ್ ಕೇಸುಗಳೇ ಜಾಸ್ತಿ. ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬನ ಅಪೀಲು ಬಂತು. ರಾತ್ರಿ ಅಂಗಳದಿಂದ ಅಡಿಕೆ ಚೀಲ ಕದ್ದ ಅಂತ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು. "ಸಾರ್, ಅವತ್ತು ರಾತ್ರಿಯಿಡೀ ಅಡಿಕೆ ಸುಲೀತಿದ್ದೆ" ಅನ್ನೋದೊಂದೇ ಅವನ ಮಾತು.

ಅಪೀಲಿನ ಫೈಲು ಕೈಗೆ ಬಂದರೆ ತೀರ್ಪಿಗಿಂತ ಮೊದಲು, ಕೋರ್ಟಿನಲ್ಲಿ ದಿನದಿನ ನಡೆದದ್ದನ್ನು ಬರೆದಿಡುವ ಆರ್ಡರ್ ಶೀಟು ಓದುತ್ತೇನೆ. ಅದರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಚಾ.ಸಾ. 6 ಕೈಬಿಡಲಾಗಿದೆ. ಅಂದರೆ ಚಾರ್ಜ್‌ಶೀಟ್‌ನ ಆರನೇ ಸಾಕ್ಷಿ, ಅಡಿಕೆ ಸುಲಿತ ನಡೆದ ಮನೆಯ ಯಜಮಾನರನ್ನೇ ಸರ್ಕಾರಿ ವಕೀಲರು ಸಾಕ್ಷಿ ಕಟ್ಟೆಗೆ ಕರೆದಿರಲಿಲ್ಲ!

ಅವರ ಮನೆಗೆ ಹೋದೆ. "ವಕೀಲ್ರೇ, ಲೆಕ್ಕದ ಪುಸ್ತಕ ಪೊಲೀಸ್ರು ಅವತ್ತೇ ತಗಂಡು ಹೋದ್ರಲ್ಲ" ಅಂದರು. ಚಾರ್ಜ್‌ಶೀಟ್‌ನಲ್ಲಿ ಆ ಪುಸ್ತಕದ ಸುದ್ದಿಯೇ ಇಲ್ಲ.

ಸರ್ಕಾರಿ ವಕೀಲರ ಕೆಲಸ ಶಿಕ್ಷೆ ಕೊಡಿಸೋದಷ್ಟೇ ಅಲ್ಲ. ಆರೋಪಿಗೆ ಅನುಕೂಲವಾಗುವ ದಾಖಲೆಯನ್ನೂ ಮುಚ್ಚಿಡಬಾರದು ಅನ್ನೋ ಮಾತು ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದ 2010ರ ತೀರ್ಪಿನಲ್ಲೇ ಇದೆ. ಪೊಲೀಸರು ವಶಪಡಿಸಿಕೊಂಡು ಚಾರ್ಜ್‌ಶೀಟ್‌ಗೆ ಸೇರಿಸದ ವಸ್ತು, ದಾಖಲೆ, ಹೇಳಿಕೆಗಳ ಪಟ್ಟಿಯನ್ನು ಆರೋಪಿಗೆ ಕೊಡಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವೆರಡನ್ನೂ ಹಿಡಿದು ಅರ್ಜಿ ಹಾಕಿದೆ. ಜೊತೆಗೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 391ನೇ ಕಲಮಿನ ಅಡಿಯಲ್ಲಿ ಅಪೀಲಿನ ಹಂತದಲ್ಲೇ ಹೆಚ್ಚುವರಿ ಸಾಕ್ಷ್ಯಕ್ಕೂ ಕೇಳಿದೆ. ಕೇಸಿಗೆ ಸಂಬಂಧವಿಲ್ಲದ ವಸ್ತು ಅಂತ ಸರ್ಕಾರಿ ವಕೀಲರಿಂದ ತಕರಾರು ಬಂತು. ನ್ಯಾಯಾಧೀಶರು ಪುಸ್ತಕ ತರಿಸಿದರು.

ಕಂದು ಕವರಿನಿಂದ ಹೊರಬಂದದ್ದು ಶಾಲೆ ಮಕ್ಕಳ ನೋಟ್‌ಬುಕ್. ಹಾಳೆಯ ಅಂಚಿಗೆಲ್ಲ ಅಡಿಕೆ ಚೊಗರು ಮೆತ್ತಿತ್ತು. ಅದೇ ದಿನಾಂಕ, ಸುಲಿದವರ ಹೆಸರು, ಎದುರಿಗೆ ಯಾರು ಎಷ್ಟು ಡಬ್ಬ ಸುಲಿದರು ಅನ್ನೋ ಲೆಕ್ಕ. ಹುಡುಗನ ಹೆಸರಿನ ಮುಂದೆ ನಾಲ್ಕು ಗೀಟು, ಕೆಳಗೆ ಅವನ ಸಹಿ. ನನ್ನ ಕೈ ನಡುಗಿತು. ಇಷ್ಟು ದಿನ ಇದು ಸರ್ಕಾರದ ಕೈಯಲ್ಲೇ ಇತ್ತಲ್ವಾ?

ಯಜಮಾನರು ಬಂದು ಸಾಕ್ಷಿ ಹೇಳಿದರು. ಬೆಳಗಿನ ಜಾವದವರೆಗೂ ಹುಡುಗ ಅಲ್ಲೇ ಇದ್ದ ಅಂದರು. ಅವನ ಬಿಡುಗಡೆಯಾಯಿತು. ಅಷ್ಟು ಹೊತ್ತಿಗೆ ಏಳು ತಿಂಗಳು ಜೈಲಲ್ಲಿ ಕಳೆದಿದ್ದ.

ಈಗ ಕೋರ್ಟು ಆರೋಪ ಹೊರಿಸುವ (ಚಾರ್ಜ್) ಮುಂಚೆಯೇ ಪ್ರತಿ ಕೇಸಲ್ಲೂ ಆ ಪಟ್ಟಿ ಕೇಳಿ ಅರ್ಜಿ ಹಾಕುತ್ತೇನೆ. ಕೈಬಿಟ್ಟ ಸಾಕ್ಷಿಗಳ ಮನೆಗೆ ನಾನೇ ಹೋಗಿ ಮಾತಾಡಿಸುತ್ತೇನೆ.